ಕ್ಯಾಮೆರಾ ನಿಮ್ಮದು, ಖಾತೆ ಯಾರದು?

ಶಿರಸಿ ಕಡೆಯವರು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಊರಲ್ಲಿ ಅಪ್ಪಯ್ಯ, ಆಯಿ ಇಬ್ಬರೇ. ಮನೆಗೆ ಎರಡು ವೈಫೈ ಕ್ಯಾಮೆರಾ ಹಾಕಿಸೋಣ ಅಂತಿದ್ದೇನೆ. ಆನ್‌ಲೈನ್‌ನಲ್ಲಿ 1,400 ರೂಪಾಯಿಗೂ ಇದೆ, 3,200 ರೂಪಾಯಿಗೂ ಇದೆ. ನೋಡೋಕೆ ಎರಡೂ ಒಂದೇ ಥರ. ಅಂಗಡಿಯವರು 'ಒಳಗಿರೋದೆಲ್ಲ ಒಂದೇ ಮೇಡಂ' ಅಂದರು. ನಮ್ಮ ಭಾವ 'ಚೀನಾ ಕ್ಯಾಮೆರಾ ಬ್ಯಾನ್ ಆಗಿದೆ, ಮುಟ್ಟಲೇಬೇಡ' ಅಂತಾರೆ. ಯಾರ ಮಾತು ಸರಿ? ಯಾವುದು ತಗೊಳ್ಳಲಿ?"

ಸಂಪಾದಕರ ಉತ್ತರ:

ಇಬ್ಬರೂ ಅರ್ಧ ಸರಿ. ಮೊದಲು ಅಂಗಡಿಯವರ ಮಾತು ನೋಡೋಣ.

ಈ ಕ್ಯಾಮೆರಾ ಬಿಚ್ಚಿದರೆ ಸಿಗುವುದು ಒಂದು ಲೆನ್ಸು, ಚಿತ್ರ ಹಿಡಿಯುವ ಒಂದು ಸೆನ್ಸರು, ಒಂದು ಪ್ರೊಸೆಸರ್ ಚಿಪ್ಪು, ಒಂದು ವೈಫೈ ಚಿಪ್ಪು. ಇವನ್ನು ಮಾಡುವವರು ಕೆಲವೇ ಕಂಪನಿಗಳು. ಅವರಿಂದ ತಗೊಂಡು ಬೋರ್ಡು ಮಾಡುವವರು ಇನ್ನೊಬ್ಬರು, ಆ ಬೋರ್ಡಿಗೆ ಡಬ್ಬಿ ಕೂರಿಸಿ ಹೆಸರು ಅಂಟಿಸುವವರು ಮತ್ತೊಬ್ಬರು. ಜಗತ್ತಿನ ಅತಿ ದೊಡ್ಡ ಎರಡು ಕ್ಯಾಮೆರಾ ಕಂಪನಿಗಳಾದ ಹಿಕ್‌ವಿಷನ್ ಮತ್ತು ದಾಹುವಾ ಎರಡೂ ಚೀನಾದ ಹಾಂಗ್‌ಝೌ ಎಂಬ ಒಂದೇ ಊರಿನವು. ಇವರು ಸ್ವಂತ ಹೆಸರಿನಲ್ಲೂ ಮಾರುತ್ತಾರೆ, ಬೇರೆಯವರ ಹೆಸರಿಗೂ ಮಾಡಿಕೊಡುತ್ತಾರೆ. ಹಾಗಾಗಿ "ಒಳಗಿರೋದು ಒಂದೇ" ಅನ್ನೋದು ಬೋರ್ಡಿನ ಮಟ್ಟಿಗೆ ಎಷ್ಟೋ ಸಲ ನಿಜ.

ತೊಂದರೆ ಶುರುವಾಗೋದೂ ಅಲ್ಲೇ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿ ಹಲವು ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ. ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ಆಗಿತ್ತು. ದಾಳಿ ಮಾಡಿದ್ದು ಜನರ ಮನೆ, ಅಂಗಡಿಗಳಲ್ಲಿದ್ದ ಕ್ಯಾಮೆರಾ, ಅದರ ವಿಡಿಯೊ ಉಳಿಸುವ ಡಿವಿಆರ್ ಪೆಟ್ಟಿಗೆ, ರೂಟರ್‌ಗಳು! ಮಿರಾಯ್ ಎಂಬ ಪುಟ್ಟ ವೈರಸ್ ಅವುಗಳ ಒಳಗೆ ಹೊಕ್ಕಿತ್ತು. ಅದರ ಹತ್ತಿರ ಇದ್ದದ್ದು ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಮಾತ್ರ, ಎಲ್ಲವೂ ಕಾರ್ಖಾನೆಯಲ್ಲೇ ಇಟ್ಟವು. ಆ ದಾಳಿಯಲ್ಲಿ ಬಳಕೆಯಾದ ಬಹಳಷ್ಟು ಬೋರ್ಡುಗಳನ್ನು ಮಾಡಿದ್ದು ಶಿಯೊಂಗ್‌ಮೈ, ಅದೂ ಹಾಂಗ್‌ಝೌ ಊರಿನದ್ದೇ. ಬೋರ್ಡು ಯಾರ್ಯಾರದೋ ಹೆಸರಲ್ಲಿ ಮಾರಾಟವಾಗಿತ್ತು. ಕಂಪನಿ ಅಮೆರಿಕದಲ್ಲಿ ಮಾರಿದ ಕೆಲವು ಮಾಲನ್ನು ವಾಪಸ್ ತಗೊಳ್ಳುತ್ತೇವೆ ಅಂದಾಗ, ತಮ್ಮ ಮನೆಯಲ್ಲಿರೋದು ಅವರ ಬೋರ್ಡು ಅಂತ ಜನರಿಗೆ ಗೊತ್ತಾಗೋದು ಹೇಗೆ? ಡಬ್ಬಿ ಮೇಲೆ ಹೆಸರೇ ಬೇರೆ. (ಆ ವೈರಸ್ ಬರೆದವರು ಕಾಲೇಜು ವಯಸ್ಸಿನ ಅಮೆರಿಕದ ಹುಡುಗರು. ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗಳ ಜಗಳದಿಂದ ಶುರುವಾದ ಕತೆ ಅದು.)

ಈಗ ಬೆಲೆಗೆ ಬರುತ್ತೇನೆ. ನೀವು ಬೆಂಗಳೂರಲ್ಲಿ ಕೂತು ಊರಿನ ಅಂಗಳ ನೋಡೋದು ಹೇಗೆ ಸಾಧ್ಯ? ಮನೆಯ ರೂಟರ್ ಸಾಮಾನ್ಯವಾಗಿ ಹೊರಗಿನವರನ್ನು ಒಳಗೆ ಬಿಡಲ್ಲ. ಹಾಗಾಗಿ ಕ್ಯಾಮೆರಾ ತಾನೇ ಕಂಪನಿಯ ಸರ್ವರ್‌ಗೆ ಕರೆ ಮಾಡಿ, ಲೈನ್ ಹಿಡಿದುಕೊಂಡು ಕೂತಿರುತ್ತದೆ. ನಿಮ್ಮ ಫೋನಿನ ಆ್ಯಪ್ ಕೂಡ ಅದೇ ಸರ್ವರ್‌ಗೆ ಹೋಗುತ್ತದೆ. ಹಿಂದೆ ಟ್ರಂಕ್ ಕಾಲ್ ಕಾಲದಲ್ಲಿ ಎಕ್ಸ್‌ಚೇಂಜಿನವರು ಎರಡು ತುದಿ ಕೂಡಿಸುತ್ತಿದ್ದರಲ್ಲ, ಹಾಗೆ ಸರ್ವರ್ ಇಬ್ಬರನ್ನೂ ಕೂಡಿಸುತ್ತದೆ. ಕ್ಯಾಮೆರಾ ತಳದ ಕ್ಯೂಆರ್ ಸ್ಟಿಕ್ಕರ್‌ನಲ್ಲಿ ಇರೋದು ಆ ಸರ್ವರ್‌ನಲ್ಲಿ ನಿಮ್ಮ ಕ್ಯಾಮೆರಾದ ಗುರುತಿನ ನಂಬರು.

ಆ ಸರ್ವರ್ ಹಗಲು ರಾತ್ರಿ ಓಡಬೇಕು. ಖರ್ಚು ಪ್ರತಿ ತಿಂಗಳೂ ಬರುತ್ತದೆ. ನೀವು ಕೊಟ್ಟದ್ದು ಒಂದೇ ಸಲ 1,400 ರೂಪಾಯಿ. ಉಳಿದದ್ದು ಎಲ್ಲಿಂದ ಬರಬೇಕು? ಕೆಲವರು ವಿಡಿಯೊವನ್ನು ತಮ್ಮ ಸರ್ವರ್‌ನಲ್ಲಿ ಉಳಿಸಿಡುವ ತಿಂಗಳ ಕ್ಲೌಡ್ ಪ್ಲಾನ್ ಮಾರುತ್ತಾರೆ. ಕೆಲವರು ಆ್ಯಪ್ ತುಂಬ ಜಾಹೀರಾತು ಹಾಕುತ್ತಾರೆ. ಕೆಲವರು ಎರಡು ವರ್ಷದ ನಂತರ ಸುಮ್ನೆ ಕೈಬಿಡುತ್ತಾರೆ. ಆಗ ಲೆನ್ಸ್ ಚೆನ್ನಾಗಿದ್ದರೂ ಕ್ಯಾಮೆರಾ ದಂಡ. ಇಡೀ ಮಾರುಕಟ್ಟೆ ಮೆಗಾಪಿಕ್ಸೆಲ್, ನೈಟ್ ವಿಷನ್, 360 ಡಿಗ್ರಿ ಅಂತ ಕೂಗುತ್ತದೆ. ಈ ಮಾಡೆಲ್‌ಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಕೇಳಿ, ಉತ್ತರ ಸಿಗಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಅದನ್ನು ತಿಳಿಸಲೇಬೇಕು ಅಂತ ಕಾನೂನಿದೆ. ಎಲ್ಲ ಡಬ್ಬಿಗೂ ಒಂದೇ ಸುಲಭದ ಪಾಸ್‌ವರ್ಡ್ ಇಡೋದನ್ನೂ ಅದೇ ಕಾನೂನು ನಿಷೇಧಿಸಿದೆ. ನನ್ನ ಪ್ರಕಾರ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಇನ್ನು ಭಾವನ ಮಾತು. 2021ರಲ್ಲೇ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ, ಸರ್ಕಾರಿ ಸಂಸ್ಥೆಗಳಲ್ಲಿ ಚೀನಾ ಕಂಪನಿಗಳ 10 ಲಕ್ಷ ಕ್ಯಾಮೆರಾ ಇವೆ ಎಂದು ಒಪ್ಪಿಕೊಂಡಿತ್ತು. 2024ರ ಏಪ್ರಿಲ್‌ನಲ್ಲಿ ಹೊಸ ನಿಯಮ ಬಂತು, 2025ರ ಏಪ್ರಿಲ್ 9ರಿಂದ ಜಾರಿಯಾಯಿತು. ಅದರ ಪ್ರಕಾರ ಇಲ್ಲಿ ಮಾಡುವ, ಇಲ್ಲಿಗೆ ತರಿಸುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಒಪ್ಪಿದ ಲ್ಯಾಬ್‌ನಲ್ಲಿ ಪರೀಕ್ಷೆ ಪಾಸಾಗಬೇಕು. ಹಾರ್ಡ್‌ವೇರ್, ಸಾಫ್ಟ್‌ವೇರ್, ಸೋರ್ಸ್ ಕೋಡ್ ಎಲ್ಲ ತೋರಿಸಬೇಕು. ಇದು ಚೀನಾ ಮಾತ್ರ ಅಲ್ಲ, ಎಲ್ಲ ದೇಶದ ಕಂಪನಿಗೂ ಅನ್ವಯ. ಹಾಗಾಗಿ ಹೆಸರು ಹಿಡಿದು ಬ್ಯಾನ್ ಅಂತ ಅಲ್ಲ, ಆದರೆ ದಾರಿ ಕಿರಿದಾಗಿದೆ. ಅದರ ಲಾಭ ಇಲ್ಲಿನ ಕಂಪನಿಗಳಿಗೆ ಆಗಿದೆ. ಸಿಪಿ ಪ್ಲಸ್ ಬ್ರ್ಯಾಂಡಿನ ಆದಿತ್ಯ ಇನ್ಫೋಟೆಕ್, ಕಡಪದಲ್ಲಿ ಕಾರ್ಖಾನೆ ಇರುವ ನೋಯ್ಡಾ ಕಂಪನಿ, 2025ರ ಆಗಸ್ಟ್‌ನಲ್ಲಿ ಷೇರುಪೇಟೆಗೂ ಬಂತು.

ಅಂಗಡಿಯಲ್ಲಿ ಹಳೆ ಸ್ಟಾಕ್ ಇನ್ನೂ ಇರಬಹುದು. 1,400 ರೂಪಾಯಿಯ ಹೆಸರಿಲ್ಲದ ಡಬ್ಬಿ ನೋಡಿದಾಗ ಮೊದಲು ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. ಪರೀಕ್ಷೆ ಆಗೋದು ಮಾಡೆಲ್‌ಗೆ, ಬ್ರ್ಯಾಂಡಿಗಲ್ಲ. ಆದ್ದರಿಂದ "ಈ ಕಂಪನಿದು ಪಾಸಾಗಿದೆ ಮೇಡಂ" ಅಂದರೆ ಸಾಲದು, ಈ ಮಾಡೆಲ್ ಪಾಸಾಗಿದೆಯಾ ಅಂತ ಕೇಳಿ.

ದೊಡ್ಡ ಹೆಸರಿದ್ದರೆ ನಿಶ್ಚಿಂತೆ ಅಂತಲೂ ಅಲ್ಲ. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಝ್ ಕಂಪನಿಯ ಸರ್ವರ್ ಕೆಟ್ಟು ಸರಿಹೋದಾಗ, ಸುಮಾರು 13,000 ಜನರಿಗೆ ಬೇರೆಯವರ ಮನೆಯ ಚಿತ್ರ ತಮ್ಮ ಆ್ಯಪ್‌ನಲ್ಲಿ ಕಂಡಿತು. ಅಮೆಜಾನ್‌ನ ರಿಂಗ್ ಕಂಪನಿಯ ಕೆಲಸಗಾರನೊಬ್ಬ ಹೆಂಗಸರ ಮಲಗುವ ಕೋಣೆಯ ವಿಡಿಯೊ ನೋಡುತ್ತಿದ್ದ. 2023ರಲ್ಲಿ ಆ ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಳ್ಳಬೇಕಾಯಿತು.

ನಮ್ಮಲ್ಲಿ ಆದ ಕೆಟ್ಟ ಪ್ರಕರಣ ಗುಜರಾತಿನ ರಾಜ್‌ಕೋಟ್‌ನದು. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ವಿಡಿಯೊಗಳ ತುಣುಕು ಯೂಟ್ಯೂಬ್‌ನಲ್ಲಿ ಹಾಕಿ, ಪೂರ್ತಿ ವಿಡಿಯೊ ಟೆಲಿಗ್ರಾಮ್‌ನಲ್ಲಿ ಮಾರುತ್ತಿದ್ದದ್ದು 2025ರ ಫೆಬ್ರುವರಿಯಲ್ಲಿ ಹೊರಬಂತು. ಆ ಸಿಸಿಟಿವಿಯ ಪಾಸ್‌ವರ್ಡ್ 'ಅಡ್ಮಿನ್123' ಆಗಿತ್ತಂತೆ. ಅದಕ್ಕೆ ಚೀನಾ ಬೇಕಾ, ಹೇಳಿ?

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯದ ಬಗ್ಗೆ ನನಗೆ ಜಾಸ್ತಿ ಚಿಂತೆ. ಕ್ಯಾಮೆರಾ ಕೂರಿಸಲು ಬರುವ ಹುಡುಗ ಏನು ಮಾಡುತ್ತಾನೆ ನೋಡಿ. ಏಣಿ ಇಳಿದು, ತನ್ನ ಫೋನ್ ತೆಗೆದು, ತನ್ನ ಇಮೇಲ್‌ನಲ್ಲೇ ಖಾತೆ ತೆರೆದು, ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಆಮೇಲೆ ನಿಮಗೆ 'ಶೇರ್' ಮಾಡುತ್ತಾನೆ. ನಿಮಗೆ ಚಿತ್ರ ಕಾಣುತ್ತದೆ, ನೀವು ಖುಷಿಯಾಗಿ ಚಹಾ ಕೊಟ್ಟು ಕಳಿಸುತ್ತೀರಿ. ಆದರೆ ಲೆಕ್ಕದಲ್ಲಿ ಆ ಕ್ಯಾಮೆರಾ ಅವನದು, ನೀವು ಅತಿಥಿ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲ್ಲ. ದಿನಕ್ಕೆ ನಾಲ್ಕು ಮನೆ ಮುಗಿಸಬೇಕು, ಎಲ್ಲ ಗಿರಾಕಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ನೆನಪಿಡೋದು ಸುಲಭ, ಅಷ್ಟೇ. ಅವನು ಕೆಲಸ ಬಿಟ್ಟು ಫೋನ್ ಬದಲಿಸಿದರೆ ನಿಮಗೆ ಫಜೀತಿ. ಬದಲಿಸದಿದ್ದರೆ ನಿಮ್ಮ ಅಂಗಳ ಅವನ ಫೋನಿನಲ್ಲೇ ಇರುತ್ತದೆ. ಆದ್ದರಿಂದ ಆ ದಿನ ನೀವೇ ಊರಿಗೆ ಹೋಗಿ. ಖಾತೆ ನಿಮ್ಮ ನಂಬರಿನಲ್ಲಿ ತೆರೆಯಿರಿ, ಪಾಸ್‌ವರ್ಡ್ ನೀವೇ ಹಾಕಿ, ಒಟಿಪಿ ಕೇಳುವ ಎರಡನೇ ಬೀಗ ಇದ್ದರೆ ಅದನ್ನೂ ಆನ್ ಮಾಡಿ.

ಹಾಗಾದರೆ ಯಾವುದು? 3,200ರದ್ದು, ಪರೀಕ್ಷೆ ಪಾಸಾದ ಮಾಡೆಲ್ ಆಗಿದ್ದರೆ. ಆದರೆ ಮೆಮೊರಿ ಕಾರ್ಡ್ ಹಾಕುವ ಜಾಗ ಇರಬೇಕು. ಓಎನ್‌ವಿಐಎಫ್ (ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್ ಒಂದಕ್ಕೊಂದು ಹೊಂದುವಂತೆ ಮಾಡುವ ಸಾಮಾನ್ಯ ಪದ್ಧತಿ) ಇದ್ದರೆ ಇನ್ನೂ ಒಳ್ಳೆಯದು. ನಾಳೆ ಕಂಪನಿಯ ಆ್ಯಪ್ ನಿಂತರೂ ಬೇರೆ ರೆಕಾರ್ಡರ್‌ಗೆ ಜೋಡಿಸಬಹುದು. ಕ್ಲೌಡ್ ಪ್ಲಾನ್ ಈಗಲೇ ಬೇಡ. ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾಗೆ ದಿನಕ್ಕೆ ಹತ್ತಿರ ಹತ್ತಿರ 11 ಜಿಬಿ. 128 ಜಿಬಿ ಕಾರ್ಡಿನಲ್ಲಿ ಹನ್ನೊಂದು ದಿನದ ರೆಕಾರ್ಡಿಂಗ್ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು. ಕಾರ್ಡು ಮಾತ್ರ ಸಿಸಿಟಿವಿಗೆಂದೇ ಬರುವ 'ಎಂಡ್ಯೂರೆನ್ಸ್' ಕಾರ್ಡು ತಗೊಳ್ಳಿ. ಮಾಮೂಲಿ ಕಾರ್ಡು ದಿನವಿಡೀ ಬರೆದೂ ಬರೆದೂ ಬೇಗ ಸಾಯುತ್ತದೆ, ಸತ್ತದ್ದು ಗೊತ್ತಾಗೋದು ಕಳ್ಳ ಬಂದು ಹೋದ ಮೇಲೆ.

ನಿಮ್ಮದು ಮಲೆನಾಡು. ಮಳೆಗಾಲದಲ್ಲಿ ಕರೆಂಟು ಹೋದರೆ ರೂಟರ್ ಹೋಗುತ್ತದೆ, ರೂಟರ್ ಹೋದರೆ ಕ್ಯಾಮೆರಾ ಕಣ್ಣು ಮುಚ್ಚಿದ ಹಾಗೆ ನಿಮಗೆ ಕಾಣುತ್ತದೆ. ಎರಡನ್ನೂ ಇನ್ವರ್ಟರ್‌ಗೆ ಕೊಡಿಸಿ, ಕ್ಯಾಮೆರಾಗೆ ಕರೆಂಟಿದ್ದರೆ ನೆಟ್ ಇಲ್ಲದಿದ್ದರೂ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತದೆ. ಸಿಡಿಲಿನ ದಿನ ಪ್ಲಗ್ ಕಿತ್ತಿಡಲು ಅಪ್ಪಯ್ಯನಿಗೆ ಹೇಳಿಡಿ. ಚಿರೇಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ದಣಪೆಯವರೆಗೆ ಬರುತ್ತಾ ಅಂತ ಫೋನ್ ಹಿಡಿದು ಮೊದಲೇ ನೋಡಿ. ಇನ್ನೊಂದು ಕಾಟ ಜೇಡದ್ದು. ರಾತ್ರಿ ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಬಂದು ಲೆನ್ಸಿನ ಎದುರೇ ಬಲೆ ಕಟ್ಟುತ್ತದೆ. ಬಲೆ ಅಲುಗಾಡಿದ್ದನ್ನೇ ಯಾರೋ ಬಂದರು ಅಂತ ಕ್ಯಾಮೆರಾ ತಿಳಿದು, ಮಧ್ಯರಾತ್ರಿ ನಿಮ್ಮ ಫೋನ್ ಇಪ್ಪತ್ತು ಸಲ ಕೂಗಿದರೆ ಗಾಬರಿ ಬೇಡ, ಬೆಳಗ್ಗೆ ಪೊರಕೆ ಆಡಿಸಲು ಹೇಳಿ.

ಎರಡನೇ ಕ್ಯಾಮೆರಾ ಜಗಲಿಗೆ ಅಂದುಕೊಂಡಿದ್ದರೆ, ಆಯಿಯನ್ನು ಕೇಳಿ ಹಾಕಿಸಿ. ಹಲವರು ಒಟ್ಟಿಗೆ ವಾಸಿಸುವ ಮನೆಯಲ್ಲಿ ಉಳಿದವರ ಒಪ್ಪಿಗೆ ಇಲ್ಲದೆ ವಾಸದ ಜಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಎಂದು ಅಣ್ಣತಮ್ಮಂದಿರ ಜಗಳವೊಂದರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿದೆ, 2025ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕೈ ಹಾಕಲಿಲ್ಲ. ಕೋರ್ಟಿನ ಮಾತು ಬಿಡಿ, ಮಧ್ಯಾಹ್ನ ಸೆರಗು ಹಾಸಿ ಜಗಲಿಯಲ್ಲಿ ಅಡ್ಡಾಗುವವರಿಗೆ ಮಗಳು ನೋಡುತ್ತಿದ್ದಾಳೆ ಅನ್ನೋದು ಮುಜುಗರ ಅಲ್ವಾ? ಬೇಡ ಅಂದರೆ ಆ ಕ್ಯಾಮೆರಾ ಅಡಿಕೆ ಒಣಹಾಕುವ ಅಂಗಳಕ್ಕೆ ಹೋಗಲಿ. ಅಲ್ಲಿ ಅದಕ್ಕೆ ನಿಜವಾದ ಕೆಲಸವೂ ಇದೆ.