ಫಿಸಿಕ್ಸ್ ತಲೆಗೆ ಹತ್ತದವರು ಡಾಕ್ಟರ್ ಆಗಬಹುದೇ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ಸೈನ್ಸ್, ಫಿಸಿಕ್ಸ್ ಕೆಮಿಸ್ಟ್ರಿ ಎರಡರಲ್ಲೂ ಅಂಕ ಬರುತ್ತಿಲ್ಲ, ಆದರೂ ಡಾಕ್ಟರ್ ಆಗುವ ಆಸೆ. ಇಷ್ಟು ನಿಮ್ಮ ಪ್ರಶ್ನೆ. ಆಗಬಹುದು. ಆದರೆ ‘ಸೈನ್ಸ್ ಕಷ್ಟ’ ಎಂದಷ್ಟೇ ಹೇಳುವುದು ‘ಮೈಯೆಲ್ಲಾ ನೋವು’ ಎಂದು ಬಂದು ಕೂರುವ ಪೇಶೆಂಟ್ ಮಾತಿನ ಹಾಗೆ. ನೋವು ಎಲ್ಲಿ ಅನ್ನುವುದು ಮೊದಲು ಗೊತ್ತಾಗಬೇಕು.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಡಾಕ್ಟರ್, ಓದಿದ್ದು ನಿಮ್ಮ ಹಾಗೇ ಕನ್ನಡ ಶಾಲೆಯಲ್ಲಿ. ನೀವು ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ಹಳೆಯ ಪೇಪರ್ ಒಂದರ ಫಿಸಿಕ್ಸ್ ಭಾಗವನ್ನು ಗಡಿಯಾರ ನೋಡದೆ ಬಿಡಿಸಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ: ಇಂಗ್ಲಿಷ್ ವಾಕ್ಯವೇ ಅರ್ಥವಾಗಲಿಲ್ಲವೇ, ಲೆಕ್ಕ ಕೈಕೊಟ್ಟಿತೇ, ಇಲ್ಲಾ ಪಾಠವೇ ಗೊತ್ತಿರಲಿಲ್ಲವೇ? ನಮ್ಮಂಥ ಶಾಲೆಗಳಿಂದ ಬಂದವರಲ್ಲಿ ಮೊದಲೆರಡೇ ಹೆಚ್ಚು ಎಂಬುದು ನಾನು ಕಂಡದ್ದು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಜೊತೆಗೆ ಇಂಗ್ಲಿಷೂ ಇರುತ್ತದೆ. ಆದರೆ ಎಂಬಿಬಿಎಸ್‌ನಲ್ಲಿ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷೇ. ಆ ಗುದ್ದಾಟವನ್ನು ಈಗಲೇ ಮುಗಿಸಿಕೊಂಡರೆ ಮುಂದೆ ಸುಖ.

ಲೆಕ್ಕದ ತೊಂದರೆಯಾದರೆ ನಾಚಿಕೆ ಬಿಟ್ಟು ಹೈಸ್ಕೂಲ್ ಗಣಿತ ತೆಗೆಯಿರಿ: ಅನುಪಾತ, ಹತ್ತರ ಘಾತಗಳು, ಗ್ರಾಫ್, ತ್ರಿಕೋನಮಿತಿ. ನೀಟ್‌ಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಕೆಮಿಸ್ಟ್ರಿಯಲ್ಲಿ ಎಲ್ಲರೂ ಹೆದರುವ ಮೋಲ್ ಕಾನ್ಸೆಪ್ಟ್ ಬಹುಪಾಲು ಅನುಪಾತವೇ. ಅದೇ ಅನುಪಾತ ವಾರ್ಡಿಗೂ ಬರುತ್ತದೆ. 15 ಕೆಜಿ ತೂಕದ ಮಗುವಿಗೆ ಕೆಜಿಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಎಂದರೆ 225 ಮಿಲಿಗ್ರಾಂ. 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ ನಾಲ್ಕೂವರೆ ಮಿಲಿ. 125 ಇರುವುದಾದರೆ ಒಂಬತ್ತು. ಮಧ್ಯರಾತ್ರಿ, ಎದುರಿಗೆ ತಾಯಿ ಅಳುತ್ತ ನಿಂತಿರುವಾಗಲೂ ಇದು ತಪ್ಪಬಾರದು.

ಫಿಸಿಕ್ಸ್ ಲೆಕ್ಕಗಳಲ್ಲಿ ಇಳಿಜಾರಿನಲ್ಲಿ ಉರುಳುವ ಸಿಲಿಂಡರ್ ಮಾತ್ರ ಪಿಯುಸಿ ನಂತರ ನನಗೆ ಮುಖ ತೋರಿಸಿಲ್ಲ. ಲೆನ್ಸ್ ಕಣ್ಣಿನ ಪಾಠದಲ್ಲಿ, ದ್ರವಗಳ ಒತ್ತಡ ರಕ್ತ ಸಂಚಾರದಲ್ಲಿ, ಪಿಎಚ್ ಮತ್ತು ಬಫರ್ ಐಸಿಯು ರಿಪೋರ್ಟಿನಲ್ಲಿ ಮತ್ತೆ ಸಿಕ್ಕವು.

ನೀಟ್‌ನ 720 ಅಂಕಗಳಲ್ಲಿ ಬಯಾಲಜಿಗೇ 360, ಫಿಸಿಕ್ಸ್ ಕೆಮಿಸ್ಟ್ರಿಗೆ ತಲಾ 180. ತಪ್ಪು ಉತ್ತರಕ್ಕೆ ಒಂದು ಅಂಕ ಕಟ್. ಹಾಗೆಂದು ಬಯಾಲಜಿ ಒಂದನ್ನೇ ನೆಚ್ಚಿಕೊಂಡರೆ ಸರ್ಕಾರಿ ಸೀಟು ಸಾಮಾನ್ಯವಾಗಿ ಸಿಗುವುದಿಲ್ಲ. ಫಿಸಿಕ್ಸ್‌ನಲ್ಲಿ ಗೊತ್ತಿರುವ ಅಧ್ಯಾಯಗಳನ್ನು ಗಟ್ಟಿ ಮಾಡಿಕೊಂಡು, ಗೊತ್ತಿಲ್ಲದ್ದನ್ನು ಖಾಲಿ ಬಿಡುವ ಧೈರ್ಯ ಬೇಕು.

ನನಗೆ ಭಯವಾಗುವುದು ಬಯಾಲಜಿಯೇ ಬೇಸರ ಎನ್ನುವವರನ್ನು ಕಂಡರೆ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಪುಸ್ತಕಗಳ ದಪ್ಪ ನೋಡಿದರೆ ಪಿಯುಸಿ ಬಯಾಲಜಿ ಕೈಪಿಡಿಯಂತೆ ಕಾಣುತ್ತದೆ. ಅದರಲ್ಲಿ ಕುತೂಹಲ ಇಲ್ಲದೆ ನಾಲ್ಕೂವರೆ ವರ್ಷ, ಮೇಲೊಂದು ವರ್ಷದ ಇಂಟರ್ನ್‌ಶಿಪ್ ಎಳೆಯುವುದು ಶಿಕ್ಷೆಯೇ.

‘ನೀಟ್ ತಲೆನೋವೇ ಬೇಡ, ವಿದೇಶದಲ್ಲಿ ಸೀಟು ಕೊಡಿಸ್ತೀವಿ’ ಎನ್ನುವ ಏಜೆಂಟರ ಫೋನ್ ಬಂದೇ ಬರುತ್ತದೆ. ಅಲ್ಲಿ ಓದಿ ಇಲ್ಲಿ ಪ್ರಾಕ್ಟೀಸ್ ಮಾಡಬೇಕಾದರೂ ನೀಟ್ ಅರ್ಹತೆ ಬೇಕು. ವಾಪಸ್ ಬಂದ ಮೇಲೆ ವಿದೇಶದಲ್ಲಿ ಓದಿದವರಿಗೆಂದೇ ಇರುವ ಎಫ್‌ಎಂಜಿಇ ಪರೀಕ್ಷೆ ಬೇರೆ ಇದೆ, 300ಕ್ಕೆ 150 ತೆಗೆಯಲೇಬೇಕು.

ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಅನಸ್ತೇಶಿಯಾ ಟೆಕ್ನಾಲಜಿ ಕೋರ್ಸ್‌ಗಳನ್ನೂ ವಿಚಾರಿಸಿ. ಅವನ್ನು ಓದಿದವರಿಲ್ಲದೆ ನಮ್ಮ ಆಪರೇಷನ್ ಥಿಯೇಟರ್ ಬಾಗಿಲೇ ತೆರೆಯುವುದಿಲ್ಲ. ಫಿಸಿಕ್ಸ್ ತಪ್ಪಿಸಿಕೊಳ್ಳಲೆಂದು ಮಾತ್ರ ಎಕ್ಸ್‌ರೇ ಕಡೆ ಹೋಗಬೇಡಿ, ಅಲ್ಲಿ ನಮಗಿಂತ ಹೆಚ್ಚು ಫಿಸಿಕ್ಸ್ ಓದುತ್ತಾರೆ!

ಈ ಸಲ ನೀಟ್ ಕೈಹಿಡಿಯದಿದ್ದರೆ ಲಾಂಗ್ ಟರ್ಮ್ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ತಪ್ಪಿನ ಕಾರಣ ಬರೆದಿಟ್ಟ ಆ ಹಳೆಯ ಪೇಪರನ್ನು ಮತ್ತೆ ತೆಗೆದು ನೋಡಿ. ಭಾಷೆ, ಲೆಕ್ಕದ ತಪ್ಪುಗಳೇ ತುಂಬಿದ್ದರೆ ಒಂದು ವರ್ಷ ಹಾಕಿ, ಸರಿಹೋಗುತ್ತದೆ. ಪಾಠವೇ ಗೊತ್ತಿಲ್ಲದವು ಹೆಚ್ಚಿದ್ದು, ಓದಲು ಕೂರುವ ಮನಸ್ಸೂ ಇಲ್ಲದಿದ್ದರೆ ಅಪ್ಪ ಅಮ್ಮನ ಹತ್ತಿರ ಸಾಲ ಮಾಡಿಸಬೇಡಿ.