ಪಹಣಿಯಲ್ಲಿ ಎರಡೂವರೆ ಎಕರೆ, ನಕ್ಷೆಯಲ್ಲಿ ಇನ್ನೂ ಆರು ಗುಂಟೆ

ಪ್ರಶ್ನೆ: ನಮ್ಮ ತೆಂಗಿನ ತೋಟ ಪಹಣಿಯಲ್ಲಿ 2 ಎಕರೆ 20 ಗುಂಟೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಬದು ನೋಡಿ ಗಡಿ ಎಳೆದು ಲೆಕ್ಕ ಹಾಕಿದರೆ 2 ಎಕರೆ 26 ಗುಂಟೆ ಬರುತ್ತದೆ. ಪಕ್ಕದ ಜಮೀನಿನವರು ಇದನ್ನು ಒತ್ತುವರಿ ಎನ್ನುತ್ತಿದ್ದಾರೆ. ಯಾವುದನ್ನು ನಂಬಬೇಕು?
— ಓದುಗರು, ತುಮಕೂರು ತಾಲ್ಲೂಕು

ಉತ್ತರ: ಈ ಆರು ಗುಂಟೆ ನೆಲದಲ್ಲಿ ಇಲ್ಲದೆ ನಕ್ಷೆಯಲ್ಲಿ ಮಾತ್ರ ಇರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ದಯವಿಟ್ಟು ಈ ಅಂಕಿಯನ್ನು ಹಿಡಿದು ನೆರೆಯವರೊಡನೆ ಜಗಳಕ್ಕೆ ಇಳಿಯಬೇಡಿ. ಅಂತರ್ಜಾಲದ ಉಪಗ್ರಹ ಚಿತ್ರಗಳು ಸಾಮಾನ್ಯವಾಗಿ ವೆಬ್ ಮರ್ಕೇಟರ್ (ತಂತ್ರಾಂಶದಲ್ಲಿ ಇದರ ಸಂಕೇತ 3857) ಪ್ರಕ್ಷೇಪದಲ್ಲಿರುತ್ತವೆ; ಪ್ರಕ್ಷೇಪ ಎಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಯಾಗಿ ಬಿಡಿಸುವ ವಿಧಾನ. ಭೂಮಿಯ ಮೇಲೆ ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವ ರೇಖಾಂಶಗಳನ್ನು ಈ ಪ್ರಕ್ಷೇಪ ಸಮಾನಾಂತರವಾಗಿ ಬಿಡಿಸುವುದರಿಂದ ಅಗಲ ಹಿಗ್ಗುತ್ತದೆ, ಆಕಾರ ಕೆಡದಿರಲೆಂದು ಉದ್ದವನ್ನೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗಿಸಬೇಕಾಗುತ್ತದೆ. ತುಮಕೂರಿನಲ್ಲಿ ಹೀಗೆ ವಿಸ್ತೀರ್ಣ ಶೇಕಡಾ 6ರಷ್ಟು ಹೆಚ್ಚಾಗುತ್ತದೆ, ಬೀದರ್‌ನಲ್ಲಾದರೆ ಶೇಕಡಾ 11ರಷ್ಟು. ನಿಮ್ಮ 100 ಗುಂಟೆ (2 ಎಕರೆ 20 ಗುಂಟೆ) 106 ಗುಂಟೆಯಾಗಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ನೀವು ಎಳೆದ ಗಡಿಯಿರುವ ಪದರವನ್ನು (ಲೇಯರ್) ಯುಟಿಎಂ ವಲಯ 43 ಉತ್ತರಕ್ಕೆ (ಸಂಕೇತ 32643; ಯುಟಿಎಂ ಎಂದರೆ ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ, ಅಂದರೆ ವಲಯಗಳಾಗಿ, ಹಂಚಿ ಬಿಡಿಸುವ ಪ್ರಕ್ಷೇಪ) ಪರಿವರ್ತಿಸಿ ಹೊಸ ಕಡತವಾಗಿ ಉಳಿಸಿ, ಆಮೇಲೆ ಲೆಕ್ಕ ಹಾಕಿ. ಹಳೆಯ ಪದರದ ಸಂಕೇತವನ್ನಷ್ಟೇ ಬದಲಿಸಿದರೆ ಮೂಲೆಗಳ ಅಂಕಿಗಳು ಹಾಗೆಯೇ ಉಳಿದು ತೋಟವೇ ಬೇರೆಲ್ಲೋ ಹೋಗಿ ಕೂರುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಯುಟಿಎಂನಲ್ಲೂ ತಪ್ಪು ಇದ್ದೇ ಇದೆ, ಆದರೆ ನಿಮ್ಮ ತೋಟದ ಮಟ್ಟಿಗೆ ಅದು ಸುಮಾರು 5 ಚದರ ಮೀಟರು, ಎಂದರೆ ಗುಂಟೆಯ ಇಪ್ಪತ್ತನೆಯ ಒಂದು ಭಾಗ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಮುಳಬಾಗಿಲಿನ ಕಡೆಯವರು ವಲಯ 44ನ್ನು ಬಳಸಬೇಕು.

ಪ್ರಕ್ಷೇಪ ಸರಿಯಾದ ಮೇಲೂ ಗೆರೆ ಎಳೆದ ಕೈಯ ತಪ್ಪು ಉಳಿಯುತ್ತದೆ. ನಿಮ್ಮ ತೋಟ ಚೌಕವಾಗಿದ್ದರೆ ಒಂದು ಮಗ್ಗುಲು ಸುಮಾರು 100 ಮೀಟರು. ಬದುವಿನ ಮೇಲೆ ತೆಂಗಿನ ಗರಿಗಳ ನೆರಳು ಬಿದ್ದು ಒಂದು ಬದಿಯ ಗೆರೆ 3 ಮೀಟರು ಆಚೆ ಸರಿದರೂ 300 ಚದರ ಮೀಟರು, ಹೆಚ್ಚುಕಡಿಮೆ 3 ಗುಂಟೆ, ಕೂಡಿಕೊಳ್ಳುತ್ತದೆ. ಯಾವ ಪ್ರಕ್ಷೇಪವೂ ಇದನ್ನು ತಿದ್ದಲಾರದು. ಆದ್ದರಿಂದ ಹೊಸ ಲೆಕ್ಕವನ್ನು ನೆರೆಯವರಿಗೆ ತೋರಿಸಿ, ಆಮೇಲೂ ಅನುಮಾನ ಉಳಿದರೆ ಹದ್ದುಬಸ್ತಿಗೆ (ಸರ್ಕಾರಿ ಭೂಮಾಪಕರು ಅಳೆದು ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ, ಭೂಮಾಪಕರು ಅಳೆಯುವ ದಿನ ಇಬ್ಬರೂ ಬದುವಿನ ಮೇಲೆ ಹಾಜರಿರಿ.