ಹಡಗು ನಿಲ್ಲಿಸೋಕೆ ಯಾವ ಸೆಕ್ಷನ್?

ಪ್ರಶ್ನೆ: ವಕೀಲ ಅಕ್ಕನವರಿಗೆ ಶರಣು ಶರಣಾರ್ಥಿ. ನನ್ನ ಮಗ ಅಮೆರಿಕದ ಮಯಾಮಿಯಿಂದ ಹೊರಡುವ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಕೊರೊನಾ ಬಂದಾಗ ವರ್ಷದ ಮೇಲೆ ಮನೆಯಲ್ಲೇ ಕುಳಿತಿದ್ದ. 2021ರಲ್ಲಿ ಅಲ್ಲಿಯ ಒಂದು ಕೋರ್ಟು ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆಗೇ ‘ಹಡಗಿನ ಮೇಲೆ ನಿಮ್ಮ ಅಧಿಕಾರ ಇಷ್ಟೆಲ್ಲ ನಡೆಯೋದಿಲ್ಲ’ ಎಂದು ಹೇಳಿತಂತೆ. ಮೊನ್ನೆ ರಜೆಗೆ ಬಂದವನು ಊಟಕ್ಕೆ ಕೂತಾಗ ಹೇಳಿದ. ನನಗೆ ನಂಬಿಕೆ ಬರಲಿಲ್ಲ. ರೋಗ ತಡೆಯುವವರ ಕೈಯನ್ನು ಕೋರ್ಟು ಕಟ್ಟಬಹುದೇ? ನಮ್ಮಲ್ಲಿ ಒಂದು ಆದೇಶ ಬಂದರೆ ಬಸ್ಸು, ರೈಲು ಎಲ್ಲ ನಿಂತುಬಿಡುತ್ತವೆ. ನಮ್ಮಲ್ಲೂ ಇಂಥ ಮಿತಿ ಇದೆಯೇ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆದರೆ ಅರ್ಧ ಹೇಳಿದ್ದಾನೆ. ಉಳಿದರ್ಧ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಚಹಾ ಮಾಡಿಕೊಂಡು ಕೂಡ್ರಿ.

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು ನಿಂತಿದ್ದು ನೆನಪಿರಬಹುದು. 3,711 ಜನರಿದ್ದ ಹಡಗಿನಲ್ಲಿ 700ಕ್ಕೂ ಜಾಸ್ತಿ ಜನರಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದವರಲ್ಲಿ 138 ಜನ ಭಾರತೀಯರು. ಹೆಚ್ಚುಕಡಿಮೆ ಎಲ್ಲರೂ ನಿಮ್ಮ ಮಗನ ಥರ ಹಡಗಿನ ಕೆಲಸದವರೇ. ಆ ಭಯ ಇನ್ನೂ ಹಸಿಯಾಗಿದ್ದಾಗಲೇ, ಮಾರ್ಚ್ 14ರಂದು, ಅಮೆರಿಕದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಕ್ರೂಸ್ ಹಡಗುಗಳು ಹೊರಡಲೇಬಾರದು ಎಂದಿತು. ಅಕ್ಟೋಬರ್ 30ರಂದು ಮಾತು ಸ್ವಲ್ಪ ಸಡಿಲಿಸಿ, ಷರತ್ತು ಪಾಲಿಸಿದರೆ ಹೊರಡಬಹುದು ಎಂದಿತು. ಷರತ್ತು ಒಂದೆರಡಲ್ಲ. ಹಡಗಿನಲ್ಲೇ ಪರೀಕ್ಷೆಯ ಲ್ಯಾಬ್ ಬೇಕು. ಬಂದರಿನ ಜೊತೆ ಒಪ್ಪಂದ ಬೇಕು. ಸ್ವಯಂಸೇವಕರನ್ನು ಪ್ರಯಾಣಿಕರ ಹಾಗೆ ಹತ್ತಿಸಿಕೊಂಡು ಒಂದು ಸುತ್ತು ಹೋಗಿಬಂದು ತೋರಿಸಬೇಕು. ಆಮೇಲೆ ಸರ್ಟಿಫಿಕೇಟು. ಪ್ರವಾಸಿಗರನ್ನೇ ನಂಬಿಕೊಂಡ ಫ್ಲೋರಿಡಾ ರಾಜ್ಯ ಕಾದು ಕಾದು 2021ರ ಏಪ್ರಿಲ್‌ನಲ್ಲಿ ಕೋರ್ಟಿಗೆ ಹೋಯಿತು.

ನಾನು ಕಲಬುರಗಿ ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿದಾಗ ನಮ್ಮ ಸೀನಿಯರ್‌ಗೆ ಒಂದು ಚಟ ಇತ್ತು. ನಾವು ಎಷ್ಟೇ ಉದ್ದ ವಾದ ಮಾಡಲಿ, ಎಲೆ-ಅಡಿಕೆ ಜಗಿಯುತ್ತ ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು: “ಎಲ್ಲಿ ಬರದದ? ತೋರ್ಸು.” ಟ್ಯಾಂಪಾ ನಗರದ ಜಡ್ಜ್ ಸ್ಟೀವನ್ ಮೆರಿಡೇ 2021ರ ಜೂನ್ 18ರಂದು ಕೊಟ್ಟ 124 ಪುಟದ ಆದೇಶದ ತಿರುಳೂ ಅದೇ. ಇಷ್ಟೆಲ್ಲ ಮಾಡಿಸುವ ಅಧಿಕಾರ ಎಲ್ಲಿ ಬರೆದಿದೆ?

ಸಿಡಿಸಿ ತೋರಿಸಿದ್ದು 1944ರ ಕಾನೂನನ್ನು. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ, ಹೊರದೇಶದಿಂದ ಒಳಕ್ಕೆ ಹರಡದಂತೆ ನಿಯಮ ಮಾಡಬಹುದು ಎಂದು ಅದರ ಮೊದಲ ವಾಕ್ಯ ಹೇಳುತ್ತದೆ. ಎರಡನೇ ವಾಕ್ಯದಲ್ಲಿ ಪಟ್ಟಿ ಇದೆ: ತಪಾಸಣೆ, ಹೊಗೆ ಹಾಕುವುದು, ಸೋಂಕು ತೊಳೆಯುವುದು, ನೈರ್ಮಲ್ಯ, ಇಲಿ-ಕೀಟ ನಾಶ, ಸೋಂಕು ತಗುಲಿದ ಪ್ರಾಣಿ ಮತ್ತು ವಸ್ತುಗಳ ನಾಶ. ಕೊನೆಯಲ್ಲಿ ‘ಅಗತ್ಯವೆನಿಸುವ ಇತರೆ ಕ್ರಮಗಳು’. ಇಡೀ ಜಗಳ ನಡೆದದ್ದು ಈ ‘ಇತರೆ’ ಎಂಬ ಮೂರಕ್ಷರದ ಮೇಲೆ.

ನಮ್ಮತ್ತೆ ಕಣ್ಣಿ ಮಾರ್ಕೆಟ್ಟಿಗೆ ಕಳಿಸುವಾಗ ಚೀಟಿ ಬರೆದು ಕೊಡುತ್ತಿದ್ದರು. ಪುಂಡಿಪಲ್ಯ, ಬದನೆಕಾಯಿ, ಹಸಿಮೆಣಸಿನಕಾಯಿ, ಮತ್ತು ಇತರೆ. ಇತರೆ ಅಂದರೆ ನಾನು ಸೌತೆಕಾಯಿ ತರಬಹುದು, ಮೆಂತ್ಯ ತರಬಹುದು. ಕುರಿ ಹಿಡಿದುಕೊಂಡು ಬಂದು “ಅತ್ತೀ, ಇತರೆ ಅಂತ ಬರದಿದ್ರಲ್ಲ” ಅಂದರೆ ನಡೆಯುತ್ತದೆಯೇ? ಪಟ್ಟಿಯಲ್ಲಿ ಏನಿದೆಯೋ ಅದರ ಜಾತಿಗೆ ಸೇರಿದ್ದೇ ಇತರೆ. ಇದು ಕೋರ್ಟುಗಳು ಬಹಳ ಹಿಂದಿನಿಂದ ಬಳಸುವ ಅಳತೆ, ನಮ್ಮ ದೇಶದ ಕೋರ್ಟುಗಳೂ ಬಳಸುತ್ತವೆ. ಒಂದು ಹಡಗನ್ನು ತಪಾಸಣೆ ಮಾಡಿ, ತೊಳೆಸಿ, ರೋಗ ಬಂದವರನ್ನು ತಡೆದು ನಿಲ್ಲಿಸುವುದು ಒಂದು. ಇಡೀ ಉದ್ಯಮವನ್ನೇ ತಿಂಗಳುಗಟ್ಟಲೆ ಕಟ್ಟಿಹಾಕಿ, ಹೇಗೆ ನಡೆಸಬೇಕೆಂದು ಹೇಳಿಕೊಡುವುದು ಇನ್ನೊಂದು. ಎರಡನೆಯದು ಈ ಚೀಟಿಯಲ್ಲಿಲ್ಲ ಎಂದರು ಜಡ್ಜ್. ಆದೇಶದ ಫಲ ಫ್ಲೋರಿಡಾ ಬಂದರುಗಳ ಹಡಗುಗಳಿಗೆ ಮಾತ್ರ. ಜುಲೈ 18ರಿಂದ ಅಲ್ಲಿ ಸಿಡಿಸಿಯ ನಿಯಮ ಬರೀ ಸಲಹೆಯಾಗಬೇಕಿತ್ತು.

ಅಷ್ಟರಲ್ಲಿ ನಾಟಕ. ಹಿಂದಿನ ದಿನ, ಜುಲೈ 17ರ ರಾತ್ರಿ, ಮೇಲಿನ ಕೋರ್ಟು ಸ್ಟೇ ಕೊಟ್ಟಿತು. ಫ್ಲೋರಿಡಾ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈ 23ರಂದು ಸ್ಟೇ ಕೊಟ್ಟ ಅದೇ ಕೋರ್ಟು ಸ್ಟೇ ವಾಪಸ್ ತೆಗೆದುಕೊಂಡಿತು! ನನ್ನ ಇಷ್ಟು ವರ್ಷದ ವಕೀಲಿಯಲ್ಲಿ ಆರೇ ದಿನಕ್ಕೆ ಹೀಗೆ ಮಗುಚಿಕೊಂಡದ್ದನ್ನು ನಾನು ಕಂಡಿಲ್ಲ.

ಈಗ ನಿಮ್ಮ ಮಗ ಬಿಟ್ಟ ಅರ್ಧಕ್ಕೆ ಬರುತ್ತೇನೆ. ಹಡಗುಗಳು ಮತ್ತೆ ಹೊರಟದ್ದು ಕೋರ್ಟಿನಿಂದಲ್ಲ. ಸೆಲೆಬ್ರಿಟಿ ಎಡ್ಜ್ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಬಿಟ್ಟದ್ದು 2021ರ ಜೂನ್ 26ರಂದು, ಸಿಡಿಸಿಯ ಷರತ್ತು ಪಾಲಿಸಿಕೊಂಡೇ. ಕೋರ್ಟಿನ ಆದೇಶ ಆಗಿನ್ನೂ ಜಾರಿಗೇ ಬಂದಿರಲಿಲ್ಲ. ಆಮೇಲೂ ಎಷ್ಟೋ ಕಂಪನಿಗಳು ತಾವಾಗಿಯೇ ಆ ನಿಯಮಗಳನ್ನು ಇಟ್ಟುಕೊಂಡವು. ಹಡಗಿನಲ್ಲಿ ರೋಗ ಬಂದರೆ ನಷ್ಟ ಯಾರಿಗೆ ಹೇಳಿ?

ಇನ್ನೊಂದು ತಮಾಷೆ. ‘ಕೇಂದ್ರ ನಮ್ಮ ಹಡಗು ತಡೆಯಬಾರದು’ ಎಂದ ಅದೇ ಫ್ಲೋರಿಡಾ, ಗಿರಾಕಿಗಳ ಹತ್ತಿರ ಲಸಿಕೆ ಸರ್ಟಿಫಿಕೇಟು ಕೇಳುವ ಕಂಪನಿಗೆ 5,000 ಡಾಲರ್ ದಂಡ ಎಂದು ತಾನೇ ಕಾಯ್ದೆ ಮಾಡಿತ್ತು. ಕೇಂದ್ರದ ಕೈ ಉದ್ದ ಆಯಿತು ಎನ್ನುವವರ ಕೈಯೂ ಏನು ಗಿಡ್ಡ ಇರಲಿಲ್ಲ.

ಆ 1944ರ ವಾಕ್ಯ ಆಮೇಲೂ ಕೋರ್ಟು ಹತ್ತುತ್ತಲೇ ಇತ್ತು. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು, ಬಾಡಿಗೆದಾರರನ್ನು ಹೊರಹಾಕಬಾರದು ಎಂಬ ಸಿಡಿಸಿ ಆದೇಶವನ್ನು 6–3ರಲ್ಲಿ ತಡೆಯಿತು. 2022ರ ಏಪ್ರಿಲ್ 18ರಂದು ಟ್ಯಾಂಪಾದ ಇನ್ನೊಬ್ಬ ಜಡ್ಜ್ ಕ್ಯಾಥರಿನ್ ಮಿಜೆಲ್ ವಿಮಾನ, ಬಸ್ಸು, ರೈಲುಗಳ ಮಾಸ್ಕ್ ಆದೇಶವನ್ನು ರದ್ದು ಮಾಡಿದರು. ಅವರು ಹಿಡಿದದ್ದು ಪಟ್ಟಿಯ ‘ನೈರ್ಮಲ್ಯ’ ಎಂಬ ಪದವನ್ನು. 1944ರ ಕಾಲದಲ್ಲಿ ಆ ಪದವನ್ನು ಜನ ಹೇಗೆ ಬಳಸುತ್ತಿದ್ದರು ಎಂದು ಹುಡುಕಿ, ಕೊಳೆಯಾದದ್ದನ್ನು ಶುಚಿ ಮಾಡುವುದಷ್ಟೇ ಇದರೊಳಗೆ ಬರುತ್ತದೆ, ಕೊಳೆಯಾಗದಂತೆ ಕಾಯುವುದು ಬರುವುದಿಲ್ಲ ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಹಾಲಿನ ಪಾತ್ರೆ ತೊಳೆಯುವುದೂ ಶುಚಿ, ಅದರ ಮೇಲೆ ತಟ್ಟೆ ಮುಚ್ಚುವುದೂ ಶುಚಿ ಅಲ್ವಾ? ಹಡಗಿನ ತೀರ್ಪು ಗಟ್ಟಿ, ಮಾಸ್ಕಿನ ತೀರ್ಪು ಪೀಚು ಎಂದು ನನ್ನ ಲೆಕ್ಕ. ಮೇಲ್ಮನವಿಯಲ್ಲಿ ಅದು ಪರೀಕ್ಷೆಗೆ ಬರಲೇ ಇಲ್ಲ. 2023ರ ಮೇನಲ್ಲಿ ತುರ್ತುಸ್ಥಿತಿಯ ಜೊತೆಗೆ ಮಾಸ್ಕ್ ಆದೇಶದ ಅವಧಿಯೂ ಮುಗಿದಿದ್ದರಿಂದ, ಜೂನ್‌ನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೇ ತೆಗೆದುಹಾಕಿತು.

ಇನ್ನು ನಮ್ಮ ಕಡೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮರುವರ್ಷವೇ, ಗಡಿಬಿಡಿಯಲ್ಲಿ, ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನಾಲ್ಕೇ ಸೆಕ್ಷನ್. ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ ಅಧಿಕಾರ ರಾಜ್ಯಕ್ಕೆ. ಕೇಂದ್ರಕ್ಕೆ ಸಿಕ್ಕಿದ್ದು ಬಂದರಿನ ಹಡಗು ಮಾತ್ರ. ವಿಮಾನದ ಮಾತೇ ಇಲ್ಲ, ಹೇಗಿರುತ್ತದೆ? ಕಾಯ್ದೆ ಹುಟ್ಟಿದಾಗ ವಿಮಾನವೇ ಹುಟ್ಟಿರಲಿಲ್ಲ. ಕೇಂದ್ರದ ಪಟ್ಟಿಗೆ ಬಸ್ಸು, ರೈಲು, ಲಾರಿ, ವಿಮಾನ ಸೇರಿದ್ದು 2020ರ ಏಪ್ರಿಲ್ 22ರ ಸುಗ್ರೀವಾಜ್ಞೆಯಲ್ಲಿ. ಅಂದರೆ ಲಾಕ್‌ಡೌನ್ ಶುರುವಾಗಿ ನಾಲ್ಕು ವಾರದ ಮೇಲೆ!

ಮತ್ತೂ ಒಂದು ವಿಷಯ. ಹಳೇ ಸಂಸ್ಥಾನಗಳ ಪ್ರದೇಶಕ್ಕೆ ಆ 1897ರ ಕಾಯ್ದೆ ಲಾಗೂ ಇಲ್ಲ ಎಂದು ಅದರ ಮೊದಲ ಸೆಕ್ಷನ್ನೇ ಹೇಳುತ್ತಿತ್ತು. ನಾವು ನಿಜಾಮರ ಕಡೆಯವರು ನೋಡಿ. ಬೀದರ್, ಕಲಬುರಗಿ ಭಾಗಕ್ಕೆ ಬೇರೆಯೇ ಕಾಯ್ದೆ, 1950ರ ಹೈದರಾಬಾದ್ ಸಾಂಕ್ರಾಮಿಕ ರೋಗಗಳ ಕಾಯ್ದೆ. 2020ರಲ್ಲಿ ಕರ್ನಾಟಕ ತನ್ನದೇ ಹೊಸ ಕಾಯ್ದೆ ತಂದು ಇವನ್ನೆಲ್ಲ ಒಟ್ಟಿಗೆ ಮುಗಿಸಿತು. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯವರದು, 2020ರ ಮಾರ್ಚ್‌ನಲ್ಲಿ. ಆ ವಾರ ಬಾರ್ ಅಸೋಸಿಯೇಷನ್ನಿನಲ್ಲಿ ನಾವು ನಾಲ್ಕೈದು ಜನ ಕೂತು ಯಾವ ಕಾಯ್ದೆ ನಮಗೆ ಅನ್ವಯಿಸುತ್ತದೆ ಎಂದು ಹಳೇ ಪುಸ್ತಕ ತಿರುವಿದ್ದೇ ತಿರುವಿದ್ದು. ಧೂಳಿಗೆ ಒಬ್ಬರು ಸೀನಿದರು. ಎಲ್ಲರೂ ಕುರ್ಚಿ ಹಿಂದಕ್ಕೆ ಎಳೆದೆವು.

ಬಸ್ಸು, ರೈಲು ನಿಂತದ್ದಕ್ಕೆ ಮುಖ್ಯ ಬಲ ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ. ಅದರ 34ನೇ ಸೆಕ್ಷನ್‌ನಲ್ಲಿ ಜಿಲ್ಲಾ ಪ್ರಾಧಿಕಾರವೇ ವಾಹನ ಸಂಚಾರ ತಡೆಯಬಹುದು ಎಂದು ಬಿಡಿಸಿ ಬರೆದಿದೆ. ನಮ್ಮ ಕಾನೂನಿನ ಚೀಟಿ ಅಮೆರಿಕದ್ದಕ್ಕಿಂತ ಬಹಳ ಸಡಿಲ. ಹಾಗಾಗಿ ನಮ್ಮಲ್ಲಿ ಮಿತಿ ಸಿಗುವುದು ಹೆಚ್ಚಾಗಿ ಸಂವಿಧಾನದಲ್ಲಿ. ಓಡಾಡುವ ಹಕ್ಕು, ವ್ಯಾಪಾರ ಮಾಡುವ ಹಕ್ಕು 19ನೇ ವಿಧಿಯಲ್ಲಿವೆ. ತಡೆಯಬಹುದು, ಆದರೆ ತಡೆ ರೋಗದ ಅಳತೆಗೆ ತಕ್ಕಂತಿರಬೇಕು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಲಸಿಕೆ ಹಾಕಿಸದವರನ್ನು ಸಾರ್ವಜನಿಕ ಜಾಗಗಳಿಂದ ದೂರ ಇಡುವ ನಿರ್ಬಂಧಗಳು ಆಗಿನ ಪರಿಸ್ಥಿತಿಗೆ ತಕ್ಕದ್ದಲ್ಲ ಎಂದೂ ಹೇಳಿತು.

‘ಎಲ್ಲಿ ಬರದದ’ ಎಂದು ನಾನೂ ಒಮ್ಮೆ ಕೇಳಿ ಮುಖಭಂಗ ಮಾಡಿಕೊಂಡಿದ್ದೇನೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಬೀದರ್‌ನಲ್ಲಿರುವ ಅಕ್ಕನಿಗೆ ಥೈರಾಯ್ಡ್ ಮಾತ್ರೆ ಕೊಟ್ಟು ವಾಪಸ್ ಬರುತ್ತಿದ್ದೆ. ಹೆದ್ದಾರಿಯಲ್ಲಿ ಬ್ಯಾರಿಕೇಡ್, ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಪೇದೆ. ನಾನು ಕಾರಿನ ಗಾಜು ಇಳಿಸಿ, ಕೋಟಿನ ಗತ್ತಿನಲ್ಲಿ, ಆದೇಶ ತೋರಿಸಪ್ಪ ಎಂದೆ. ಅವನು ಬೇಜಾರು ಮಾಡಿಕೊಳ್ಳದೆ ಮೊಬೈಲ್ ತೆಗೆದ. ಬೆರಳಿನಿಂದ ಸರಿಸುತ್ತ ಸರಿಸುತ್ತ ಮೂರನೇ ಪುಟಕ್ಕೆ ನಿಲ್ಲಿಸಿ, “ಮೇಡಂರೀ, ಔಷಧಕ್ಕ ಹೋಗ್ಬಹುದು ಅಂತದ. ಪಾಸ್ ಇರ್ಬೇಕು ಅಂತನೂ ಅದ. ಪಾಸ್ ಎಲ್ಲದ?” ಎಂದ. ಪಾಸ್ ಇರಲಿಲ್ಲ. ಮುಕ್ಕಾಲು ಗಂಟೆ ಅದೇ ಬೇವಿನ ಕೆಳಗೆ ನಿಂತು ಆನ್‌ಲೈನ್ ಅರ್ಜಿ ಹಾಕಿದೆ. ಅವನೇ ನೀರು ಕೊಟ್ಟ.

ಪ್ರಶ್ನೆ: ಕಲಬುರಗಿಯಲ್ಲಿ ನನ್ನದು ಸಣ್ಣ ಟ್ರಾವೆಲ್ಸ್. ಉಮ್ರಾ, ಹಜ್‌ಗೆ ಹೋಗುವವರ ಟಿಕೆಟ್ ಮಾಡಿಸಿಕೊಡುತ್ತೇನೆ. 2020ರಲ್ಲಿ ವಿಮಾನ ನಿಂತಾಗ ಗಿರಾಕಿಗಳು ನನ್ನ ಅಂಗಡಿ ಮುಂದೆ ಕೂತರು. ಮತ್ತೆ ಅಂಥದ್ದೇ ಆದರೆ ಹಣ ಯಾರು ಕೊಡಬೇಕು? ಮತ್ತೆ, ಲಸಿಕೆ ಹಾಕಿಸಿಕೊಳ್ಳಿ ಎಂದು ನಾನು ಒತ್ತಾಯ ಮಾಡಬಹುದೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಸರ್ಕಾರ ಹಾರಾಟ ನಿಲ್ಲಿಸಿತು ಎಂದ ಮಾತ್ರಕ್ಕೆ ಟಿಕೆಟ್ ಹಣ ವಿಮಾನ ಕಂಪನಿಯದಾಗುವುದಿಲ್ಲ. 2020ರ ಅಕ್ಟೋಬರ್ 1ರಂದು ಪ್ರವಾಸಿ ಲೀಗಲ್ ಸೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಲಾಕ್‌ಡೌನ್ ಟಿಕೆಟ್‌ಗಳ ಲೆಕ್ಕ ಬಿಡಿಸಿತು. ಲಾಕ್‌ಡೌನ್ ಅವಧಿಯಲ್ಲೇ, ಆ ಅವಧಿಯ ಪ್ರಯಾಣಕ್ಕೆ ಬುಕ್ ಮಾಡಿದ್ದರೆ ಪೂರ್ತಿ ಹಣ ಕೂಡಲೇ ವಾಪಸ್. ಮೊದಲೇ ಬುಕ್ ಮಾಡಿದ್ದರೆ 15 ದಿನದಲ್ಲಿ. ಕಂಪನಿಗೆ ಹಣದ ಮುಗ್ಗಟ್ಟಿದ್ದರೆ 2021ರ ಮಾರ್ಚ್ 31ರ ತನಕ ನಡೆಯುವ ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟ್ಟಿಗೆ ಬಳಸುವಂತೆ ಗಿರಾಕಿ ಹೆಸರಲ್ಲಿ ಜಮಾ ಇಟ್ಟ ಹಣ, ಕೊಡಬಹುದು. ಅದಕ್ಕೆ ತಿಂಗಳಿಗೆ ಮೊದಲು ಅರ್ಧ ಪರ್ಸೆಂಟ್, 2020ರ ಜೂನ್ ಮುಗಿದ ಮೇಲೆ ಮುಕ್ಕಾಲು ಪರ್ಸೆಂಟ್ ಸೇರಿಸಬೇಕು. ಏಜೆಂಟ್ ಮೂಲಕ ಬುಕ್ ಆದ ಟಿಕೆಟ್ಟಿನ ಹಣ ಏಜೆಂಟ್ ಖಾತೆಗೇ ಬರುತ್ತದೆ. ಬಂದದ್ದನ್ನು ನೀವು ತಡ ಮಾಡದೆ ಗಿರಾಕಿಗೆ ದಾಟಿಸಬೇಕು. ಆ ತೀರ್ಪು ಆ ಹೊತ್ತಿನ ಟಿಕೆಟ್‌ಗಳಿಗೆ. ಮುಂದಿನ ಸಲ ಏನಾಗುತ್ತದೋ, ನಿಮ್ಮ ರಸೀದಿಯಲ್ಲಿ ಟಿಕೆಟ್ ಹಣ ಬೇರೆ, ನಿಮ್ಮ ಕಮಿಷನ್ ಬೇರೆ ಎಂದು ಈಗಲೇ ಎರಡು ಸಾಲು ಹಾಕಿ. ನನ್ನದೇ ಒಂದು ದಿಲ್ಲಿ ಟಿಕೆಟ್ಟಿನ ಹಣ ಎಂಟು ತಿಂಗಳು ಒಬ್ಬ ಏಜೆಂಟರ ಹತ್ತಿರ ಕೂತಿತ್ತು. ನನ್ನ ರಸೀದಿಯಲ್ಲಿ ‘ಒಟ್ಟು’ ಅಂತಷ್ಟೇ ಇತ್ತು, ವಕೀಲಳಾಗಿಯೂ ನಾನು ನೋಡಿರಲಿಲ್ಲ.

ಲಸಿಕೆ ವಿಷಯ: ನೀವು ಒತ್ತಾಯ ಮಾಡಬೇಕಿಲ್ಲ, ಸುಮ್ನೆ ವೀಸಾ ನಿಯಮ ಓದಿ ಹೇಳಿ. ಹಜ್‌ಗೆ ಮೆನಿಂಜೈಟಿಸ್ ಲಸಿಕೆ ಕೇಳುವುದು ಸೌದಿ ಸರ್ಕಾರ. ತಲುಪುವ ಹತ್ತು ದಿನ ಮುಂಚೆಯಾದರೂ ಹಾಕಿಸಿರಬೇಕು. ತನ್ನ ಗಡಿ ದಾಟಿ ಬರುವವರಿಗೆ ಒಂದು ದೇಶ ಷರತ್ತು ಹಾಕುವುದರ ಮೇಲೆ ನಮ್ಮ ಕೋರ್ಟುಗಳ ಕೈ ನಡೆಯುವುದಿಲ್ಲ.

ಪ್ರಶ್ನೆ: ತಮ್ಮ ಕೀನ್ಯಾದಿಂದ ಬಂದಾಗ ಏರ್‌ಪೋರ್ಟಿನಲ್ಲೇ ತಡೆದು ಕ್ವಾರಂಟೈನ್‌ನಲ್ಲಿಟ್ಟರು. ಜ್ವರ ಇಲ್ಲ, ಏನಿಲ್ಲ. ಇದು ಸರಿಯೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಸರಿ. ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲದೆ, ಕೀನ್ಯಾದಂಥ ಆ ರೋಗ ಇರುವ ದೇಶಗಳಿಂದ ಬಂದವರನ್ನು ಆರು ದಿನದವರೆಗೆ ಇಟ್ಟುಕೊಳ್ಳಬಹುದು. ಇದಕ್ಕೆ 1954ರಿಂದ ವಿಮಾನ ಪ್ರಯಾಣದ ಆರೋಗ್ಯ ನಿಯಮಗಳಿವೆ. ಹಳದಿ ಜ್ವರ ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳ ಇದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮುಂದಿನ ಸಲ ಅದನ್ನು ಪಾಸ್‌ಪೋರ್ಟ್ ಕವರಿನಲ್ಲೇ ಇಟ್ಟುಕೊಳ್ಳಲು ಹೇಳಿ. ಬ್ಯಾಗಿಗೆ ಹಾಕಿ ಲಗೇಜಿಗೆ ಕೊಟ್ಟರೆ ಕೌಂಟರಿನಲ್ಲಿ ತೋರಿಸೋಕೆ ಆಗುವುದಿಲ್ಲ.